ಕೆಂಚಪ್ಪನ ಗೆರೆ

ದೊಡ್ಡಪೇಟೆಯಲ್ಲಿ, ಎಣ್ಣೆಗಾಣದ ಮೇಲಿನ ಕೋಣೆ.
ಗೋಡೆ ತುಂಬ ಶೇಂಗಾದ ಖಾಲಿ ಚೀಲ ಹೊಡೆದಿದ್ದೇನೆ
ಸದ್ದು ಮರಳಿ ಬಾರದಿರಲೆಂದು.
ಗಾಣ ನಿಂತ ಮೇಲೆ, ರಾತ್ರಿ ಹತ್ತಕ್ಕೆ ನನ್ನ ಕೆಲಸ.
ಆದರೂ ಒಂದೊಂದು ಟ್ರ್ಯಾಕಿನ ತಳದಲ್ಲಿ
ಹಿಂಡಿಯ ವಾಸನೆ.

ಪರದೆಯ ಮೇಲೆ ಹದಿನಾಲ್ಕು ಗೆರೆ.
ಹಾಡುವವರು, ಹಿಮ್ಮೇಳದವರು, ಹಾರ್ಮೋನಿಯಂ, ತಾಳ,
ಡೋಲಿಗೆ ಎರಡು ಮೈಕು.
ಉರುಮೆಗೂ ಎರಡಿತ್ತು; ಒಂದರ ವಯರು ಅವತ್ತೇ ಕೈಕೊಟ್ಟಿತು.

ಬಸ್ಸು ಅಂದರೆ ನಮ್ಮಪ್ಪನಿಗೆ ಒಂದೇ ಅರ್ಥ.
ಮೂವತ್ತು ವರ್ಷ ಸ್ಟ್ಯಾಂಡಿನಲ್ಲಿ ಏಜೆಂಟು,
ಚಳ್ಳಕೆರೆ ಚಳ್ಳಕೆರೆ, ಹಿರಿಯೂರು, ಯಾರ್ರೀ ಹೊಸದುರ್ಗ,
ಗಂಟು ಮೂಟೆ ಕೂಸು ಕುನ್ನಿಯನ್ನೆಲ್ಲ
ಅವರವರ ಬಾಗಿಲಿಗೆ ತಳ್ಳಿದ ಕೈ.
‘ನೀನೂ ಬಸ್ ಹತ್ತಿಸೋ ಕೆಲಸಾನೇ ಮಾಡ್ತೀಯಲ್ಲೇ’ ಅಂತ ನಗುತ್ತಾನೆ.
ಹೌದಪ್ಪಾ.
ಹಾಡಿದವರು ಒಂದು ಬಸ್ಸಿಗೆ, ಬಡಿದವರು ಇನ್ನೊಂದಕ್ಕೆ,
ಎಲ್ಲ ಬಸ್ಸೂ ಕೊನೆಗೆ ಮಾಸ್ಟರಿಗೆ.
ಟಿಕೆಟ್ಟು ಕೇಳುವವರಿಲ್ಲ,
ಯಾರು ಎಲ್ಲಿ ಇಳಿಯಬೇಕೆಂದು ಹೇಳುವವಳು ನಾನೊಬ್ಬಳೇ.

ದುಡ್ಡು ಕೊಟ್ಟ ಯಜಮಾನರು ಹೇಳಿದ್ದರು:
ಉರುಮೆ ಒಂಚೂರು ಹಿಂದಿರಲಿ, ದೂರದಿಂದ ಬಂದಂಗೆ.
ಸರಿಯೆಂದೆ. ಕಷ್ಟವೇನಿಲ್ಲ ಅದು.
ಫೇಡರಿಗೂ ಮುಂಚೆಯೇ ಒಂದು ಸೆಂಡು ತೆಗೆದು
ರಿವರ್ಬಿನ ಬಸ್ಸಿಗೆ ಬಿಟ್ಟೆ,
ಫೇಡರನ್ನು ಪೂರಾ ಕೆಳಗೆಳೆದೆ.
ಆಳಿಲ್ಲ, ನೆರಳಷ್ಟೇ ನಡೆದುಬರುತ್ತದೆ.
ಚೆನ್ನಾಗಿಯೇ ಇತ್ತು.

ಕೆಂಚಪ್ಪ ಬಂದದ್ದು ಬಾಕಿ ಆರುನೂರಕ್ಕೆ.
ಸ್ಟೂಲಿನ ಮೇಲೆ ಕೂತು, ರುಮಾಲು ತೆಗೆದು,
ಹೆಡ್‌ಫೋನಿಗೆ ತಲೆ ಕೊಟ್ಟ.
‘ಇದರಾಗೆ ನಂದು ಯಾವ ಗೆರೆ?’
ಹನ್ನೊಂದನೆಯದು, ಕಾವಿ ಬಣ್ಣದ್ದು. ತೋರಿಸಿದೆ.
‘ದೀಪ ಕುಣೀತೈತಲ್ಲವ್ವಾ. ಸದ್ದೆಲ್ಲಿ?’
ಸ್ವಲ್ಪ ಜೋರು ಮಾಡಿದೆ. ಕಣ್ಣು ಮುಚ್ಚಿ ಕೇಳಿದ,
ಒಂದು ಹಾಡು, ಮತ್ತೆ ಮೊದಲಿಂದ ಅದೇ ಹಾಡು.

‘ನಾವು ಅಂಗಳದಾಗೆ ನಿಂತು ಬಾರಿಸೋರು.
ಗುಡಿ ಒಳಗಿರೋರಿಗೆ ನಮ್ದು ಹೆಂಗೆ ಕೇಳ್ತೈತೋ
ಯಾವತ್ತೂ ಗೊತ್ತಿರ್ಲಿಲ್ಲ.
ಓಹೋ, ಹಿಂಗೆ.’

ಸಿಟ್ಟಿಲ್ಲ ದನಿಯಲ್ಲಿ. ಬೆರಗಿತ್ತು.
ಅದೇ ತಡೆಯಲಾಗಲಿಲ್ಲ ನನಗೆ.

ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ
ಕೋಡಿ ಬಿದ್ದು ಅಕ್ಕತಂಗಿಯರ ಹೊಂಡಕ್ಕೆ,
ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಪೇಟೆಯ ಸಂತೆಹೊಂಡಕ್ಕೆ.
ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ.
ಬಂಡೆ ಕಡಿದು ಆ ದಾರಿ ಬಿಟ್ಟವನು
ಯಾವ ಹೊಂಡಕ್ಕೂ ‘ನಿನಗೆ ಹಸಿ ಮಾತ್ರ’ ಅಂದಿರಲಾರ.

ಹನ್ನೊಂದರ ಔಟ್‌ಪುಟ್ ಬಿಚ್ಚಿದೆ.
ಅವಸರದಲ್ಲಿ ಬಸ್ಸನ್ನು ಅದಕ್ಕೇ ಸುತ್ತಿಹಾಕಿಬಿಟ್ಟೆ,
ಕೊಕ್ಕರಿಸಿಕೊಂಡು ಕಿರುಚಿತು ಸ್ಪೀಕರು.
ಕೆಳಗಿನ ಕಾವಲುಗಾರ ಏನಾಯ್ತೆಂದು ಕೂಗಿದ,
ಕೆಂಚಪ್ಪ ಹೊಟ್ಟೆ ಹಿಡಿದು ನಕ್ಕ:
‘ತನ್ನ ಬಾಲ ತಾನೇ ಕಚ್ಚಿಕೊಂತು ನೋಡು!’

ಮತ್ತೆ ಕಟ್ಟಿದೆ. ಸೆಂಡು ಕಿತ್ತೆ.
ನೇರ ಮಾಸ್ಟರಿಗೆ, ನಡುವೆ ಯಾರಿಲ್ಲ.
ಫೇಡರು ಮೇಲೆ.

ಬಂತು. ಕೊಕ್ಕೆಕೋಲು ತೊಗಲಿಗೆ ಉಜ್ಜುವ ಗುರುಗುರು
ಕುರ್ಚಿಯ ಕಾಲಿನಿಂದ ಹತ್ತಿ ನನ್ನ ಎದೆಗೆ.
ಹಾಡುವವರು ಅದರಲ್ಲಿ ಮುಳುಗಿಹೋದರು.
ಯಜಮಾನರು ಒಪ್ಪುವುದಿಲ್ಲ, ಬಿಡಿ.
ನಾನು ಕೆಂಚಪ್ಪನ ಮುಖ ನೋಡಿದೆ.

ಹುಬ್ಬು ಗಂಟಿಕ್ಕಿದೆ.
‘ಬಲಗಡೇದು ಸಡ್ಲ. ಅವತ್ತು ಬೆಂಕಿಗೆ ಹಿಡಿದಿರ್ಲಿಲ್ಲ ನಾನು.
ಯಾರ ಕಿವಿಗೂ ಬೀಳಲ್ಲ ಅಂದ್ಕಂಡಿದ್ದೆ.
ನಾಳೆ ಕಾಯಿಸಿ ತರ್ತೀನಿ, ಇನ್ನೊಂದ್ಸಲ ಹಿಡಿ.’

ಆರುನೂರು ಮರೆತೇ ಮೆಟ್ಟಿಲಿಳಿದು ಹೋದ.
ನಾನು ಡಬ್ಬಿಯಿಂದ ಬೆಸುಗೆ ಕಡ್ಡಿ ಹುಡುಕಿ
ಎರಡನೆಯ ಮೈಕಿನ ವಯರು ಸುಲಿಯುತ್ತ ಕೂತೆ.